ಹುರಿಯುವುದೋ, ಕರಿಯುವುದೋ?

ಕನ್ನಡದಲ್ಲಿ ಹುರಿಯುವುದು ಬೇರೆ, ಕರಿಯುವುದು ಬೇರೆ, ಸುಡುವುದು ಬೇರೆ. ಶೇಂಗಾ ಹುರಿಯುತ್ತೇವೆ, ಚಕ್ಕಲಿ ಕರಿಯುತ್ತೇವೆ, ಬದನೆಕಾಯಿ ಸುಡುತ್ತೇವೆ. ಹಪ್ಪಳವನ್ನು ಕರಿಯಲೂಬಹುದು, ಸುಡಲೂಬಹುದು; ಆದರೆ ಅವೆರಡೂ ಒಂದೇ ಎಂದು ಯಾರೂ ಹೇಳುವುದಿಲ್ಲ. ರವೆಯನ್ನು ಕರಿದೆ ಎಂದು ಯಾರಾದರೂ ಅಂದರೆ ಅವರು ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ ಎಂದು ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನವರ 'ಫ್ರೈ' ಎನ್ನುವ ಮಾತು ಮಾತ್ರ ಈ ಗೆರೆಗಳನ್ನೆಲ್ಲ ಅಳಿಸಿಹಾಕುತ್ತದೆ. ಬಾಣಲೆ ತುಂಬ ಎಣ್ಣೆ ಇದ್ದರೂ ಫ್ರೈ, ಒಂದು ಚಮಚ ಇದ್ದರೂ ಫ್ರೈ. ಈಗ ಎಣ್ಣೆಯೇ ಇಲ್ಲದೆ ಗಾಳಿಯಲ್ಲಿ ಮಾಡಿದ್ದೂ ಫ್ರೈ.

ರಾಯಚೂರಿನಲ್ಲಿ ಏರ್ ಫ್ರೈಯರ್ ಈಗ ಅಪರೂಪದ ವಸ್ತುವಲ್ಲ. ತೀನ್ ಕಂದಿಲ್ ಸುತ್ತಿನ ಅಂಗಡಿಗಳಲ್ಲಿ ಮಿಕ್ಸರ್, ಕುಕ್ಕರುಗಳ ಪಕ್ಕದಲ್ಲೇ ಕರಿಯ ಮೊಟ್ಟೆಯಂತೆ ಕೂತಿರುತ್ತದೆ. ನಮ್ಮ ಮನೆಯಲ್ಲಿ ಅದರ ಮಾತು ಬಂದದ್ದು ಅಪ್ಪನ ಎದೆಗೆ ಸ್ಟೆಂಟ್ ಹಾಕಿದ ಮೇಲೆ. ಕರಿದದ್ದು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರು. ಅಪ್ಪ ತಲೆಯಾಡಿಸಿದರು, ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ, ಒಗ್ಗರಣಿ ಜೊತೆ ಮಿರ್ಚಿ ಇಲ್ಲವೇ ಎಂದು ಕೇಳಿದರು. ತಮ್ಮ ಫೋನಿನಲ್ಲಿ ಏರ್ ಫ್ರೈಯರಿನ ಚಿತ್ರ ತೋರಿಸಿದ. ಅವ್ವ ಕನ್ನಡಕ ಏರಿಸಿಕೊಂಡು ನೋಡಿ ಒಂದೇ ಪ್ರಶ್ನೆ ಕೇಳಿದಳು: "ಗಾಳ್ಯಾಗ ಕರಿಯಾಕ ಬರ್ತದೇನೋ?"

ಯಾವುದನ್ನು ಕೊಳ್ಳಬೇಕು, ಎಷ್ಟು ಲೀಟರಿನದು, ಎಷ್ಟು ವ್ಯಾಟಿನದು ಎಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಆದರೆ ಅವ್ವನ ಪ್ರಶ್ನೆಗೆ ಉತ್ತರ ಅಂಗಡಿಯವರ ಬಳಿ ಇರಲಿಲ್ಲ. ನಾವು ಯಾವಾಗಿನಿಂದ ಕರಿಯುತ್ತಿದ್ದೇವೆ, ಯಾಕೆ ಕರಿಯುತ್ತಿದ್ದೇವೆ ಎಂಬುದು ತಿಳಿಯದೆ ಕರಿಯದ ಯಂತ್ರವೊಂದನ್ನು ಆರಿಸುವುದು ಹೇಗೆ? ಹಾಗಾಗಿ ಬೆಲೆಪಟ್ಟಿ ಬಿಟ್ಟು ಹಳೆಯ ಪುಸ್ತಕಗಳ ಕಡೆ ಹೋದೆ.

ನಮ್ಮ ಜಿಲ್ಲೆಯಲ್ಲಿ ಬೆಂಕಿಯ ಚರಿತ್ರೆ ಬೂದಿಯಿಂದಲೇ ಶುರುವಾಗುತ್ತದೆ. ಲಿಂಗಸೂಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1950ರ ದಶಕದ ಆರಂಭದಲ್ಲಿ ಎಫ್. ಆರ್. ಆಲ್ಚಿನ್ ಅಗೆದು ನೋಡಿದ ನವಶಿಲಾಯುಗದ ನೆಲೆ ಇದೆ. ಅವರ ವರದಿ 1960ರಲ್ಲಿ ಪ್ರಕಟವಾಯಿತು. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲೂ ಅದರ ಸುತ್ತಲೂ ಇರುವ ಬೂದಿದಿಬ್ಬಗಳು ಏನೆಂದು ಪಂಡಿತರು ಬಹಳ ಕಾಲ ಜಗಳವಾಡಿದರು. ಕೊನೆಗೆ ಅವು ದನದ ಸಗಣಿ ಸುಟ್ಟ ಬೂದಿ ಎಂದು ಖಚಿತವಾಯಿತು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ದನಕಾಯುವ ಜನ ದೊಡ್ಡಿಯಲ್ಲಿ ಕೂಡಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಡುತ್ತಿದ್ದರು. ಆ ಕಾಲದ ನೆಲೆಗಳಲ್ಲಿ ಸಿಕ್ಕ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಅವರು ಬೇಯಿಸಿ ತಿಂದಿರಬೇಕು, ಹುರಿದು ತಿಂದಿರಬೇಕು, ಮಾಂಸ ಸುಟ್ಟು ತಿಂದಿರಬೇಕು. ಹುರಿಯಲು ಒಂದು ಬೋಕಿ ಸಾಕು, ಸುಡಲು ಅದೂ ಬೇಡ. ಕರಿಯುವುದಕ್ಕೆ ಮಾತ್ರ ಎಣ್ಣೆ ಬೇಕು, ಅದೂ ವಸ್ತು ಮುಳುಗುವಷ್ಟು. ಅಷ್ಟು ಎಣ್ಣೆಗೆ ಎಣ್ಣೆಕಾಳಿನ ಹೊಲ ಬೇಕು, ಗಾಣ ಬೇಕು, ಎತ್ತು ಬೇಕು, ಗಾಣ ತಿರುಗಿಸುವ ಮನುಷ್ಯ ಬೇಕು. ಕರಿದ ತಿಂಡಿ ಎಂದರೆ ಕೂಡಿಟ್ಟ ಶ್ರಮ.

ಆ ಮನುಷ್ಯ ನಮ್ಮ ಸಾಹಿತ್ಯದಲ್ಲಿ ಹೆಸರು ಹೇಳಿಕೊಂಡು ನಿಲ್ಲುವುದು ಹನ್ನೆರಡನೆಯ ಶತಮಾನದಲ್ಲಿ. ವಚನಕಾರರ ಪಟ್ಟಿಯಲ್ಲಿ ಗಾಣದ ಕಣ್ಣಪ್ಪ ಎಂಬ ಶರಣನಿದ್ದಾನೆ. ಕಾಯಕವೇ ಹೆಸರಿಗೆ ಅಂಟಿಕೊಂಡವನು. ಅವನ ಗಾಣದಲ್ಲಿ ತಿರುಗಿದ್ದು ಎಳ್ಳೋ ಕುಸುಬೆಯೋ ಇರಬೇಕು. ಶೇಂಗಾ ಆಗಿರಲು ಸಾಧ್ಯವಿಲ್ಲ. ಅದು ಇನ್ನೂ ಅಮೆರಿಕ ಖಂಡದಲ್ಲೇ ಇತ್ತು. ಸೂರ್ಯಕಾಂತಿಯೂ ಅಷ್ಟೆ. ಇಂದು ರಾಯಚೂರಿನ ಅಡುಗೆಮನೆಯ ಎಣ್ಣೆ ಡಬ್ಬಿಯಲ್ಲಿರುವ ಯಾವುದೂ ಕಣ್ಣಪ್ಪನಿಗೆ ಗೊತ್ತಿರಲಿಲ್ಲ.

ಅದೇ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿ, ಅವನಿಗಿಂತ ಸ್ವಲ್ಪ ಮೊದಲು, ಅಡುಗೆ ಪುಸ್ತಕಕ್ಕೆ ಏರಿತ್ತು. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' ಸುಮಾರು 1025ರದು. ಜ್ಯೋತಿಷ, ವಾಸ್ತು, ಬಾವಿಯ ನೀರು ಹುಡುಕುವುದು ಇವುಗಳ ನಡುವೆ ಅಡುಗೆಗೂ ಅದರಲ್ಲೊಂದು ಅಧ್ಯಾಯವಿದೆ. ಮುಂದೆ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ಅನ್ನಭೋಗದ ಭಾಗದಲ್ಲಿ ಉದ್ದನ್ನು ನೆನೆಸಿ ರುಬ್ಬಿ ಎಣ್ಣೆಯಲ್ಲಿ ಕರಿದ ವಡೆ ಇದೆ, ಅದನ್ನು ಮೊಸರಿನಲ್ಲಿ ನೆನೆಸುವುದಿದೆ, ಕಡಲೆ ಹಿಟ್ಟಿನದನ್ನು ತಟ್ಟಿ ಕರಿಯುವ ಪೂರಿಕೆ ಇದೆ. ನಮ್ಮ ಊರಿನ ತಳ್ಳುಗಾಡಿಯಲ್ಲಿ ಇವತ್ತು ಸಂಜೆ ಸಿಗುವ ಎಷ್ಟೋ ತಿಂಡಿಗಳ ಅಜ್ಜ–ಮುತ್ತಜ್ಜಂದಿರು ಅಲ್ಲಿದ್ದಾರೆ. ಒಂದು ವ್ಯತ್ಯಾಸ, ಅವು ಇರುವುದು ಅರಮನೆಯಲ್ಲಿ. ಎಣ್ಣೆ ಸುರಿದು ಕರಿಯುವುದು ರಾಜಭೋಗ. ಜೋಳ, ಕಾಳು ಬೆಳೆಯುವ ರೈತನ ಮನೆಗೆ ಅದು ಬರುತ್ತಿದ್ದದ್ದು ಹಬ್ಬಕ್ಕೆ, ಮದುವೆಗೆ.

ಈ ಹಬ್ಬದ ಗುರುತು ನಮ್ಮ ಮನೆಗಳಲ್ಲಿ ಇನ್ನೂ ಪೂರ್ತಿ ಅಳಿಸಿಲ್ಲ. ಸಾವಾದ ಮನೆಯಲ್ಲಿ ದಿನಗಳು ಮುಗಿಯುವವರೆಗೆ ಎಣ್ಣೆ ಕಡಾಯಿ ಇಡಬಾರದು ಎಂದು ಅವ್ವ ಇವತ್ತಿಗೂ ಪಾಲಿಸುತ್ತಾಳೆ. ಹುರಿಯಬಹುದು, ಬೇಯಿಸಬಹುದು, ರೊಟ್ಟಿ ಬಡಿಯಬಹುದು, ಕರಿಯುವಂತಿಲ್ಲ. ಎಣ್ಣೆ ಕಾಯ್ದ ವಾಸನೆ ಓಣಿಗೆಲ್ಲ ಸುದ್ದಿ ಕೊಡುತ್ತದೆ, ಆ ಸುದ್ದಿ ಸಂತೋಷದ್ದೇ ಎಂದು ಓಣಿಗೆ ಗೊತ್ತು.

ಊಟದ ಒಂದೊಂದು ಪದಾರ್ಥಕ್ಕೂ ಒಂದೊಂದು ಘನತೆ ಇದೆ ಎಂಬುದನ್ನು ಕನ್ನಡದಲ್ಲಿ ಯಾರಾದರೂ ಕಟ್ಟುನಿಟ್ಟಾಗಿ ಹೇಳಿದ್ದರೆ ಅದು ಮಾನ್ವಿಯ ಜಗನ್ನಾಥದಾಸರು. 1728ರಲ್ಲಿ ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ 1809ರಲ್ಲಿ ತೀರಿಕೊಂಡವರು. ಅವರ 'ಹರಿಕಥಾಮೃತಸಾರ'ದಲ್ಲಿ ಭೋಜನರಸವಿಭಾಗ ಸಂಧಿ ಎಂದೇ ಒಂದು ಭಾಗವಿದೆ. ಅನ್ನಕ್ಕೆ, ತೊವ್ವೆಗೆ, ತುಪ್ಪಕ್ಕೆ, ಹಾಲಿಗೆ, ಭಕ್ಷ್ಯಕ್ಕೆ ಹೀಗೆ ಎಲೆಯ ಮೇಲಿನ ಒಂದೊಂದಕ್ಕೂ ಒಬ್ಬೊಬ್ಬ ಅಧಿದೇವತೆಯನ್ನು ಅವರು ಹಂಚಿಕೊಡುತ್ತಾರೆ. ತತ್ವವನ್ನು ನಂಬುವವರು ನಂಬಲಿ. ಸಾಹಿತ್ಯದ ವಿದ್ಯಾರ್ಥಿಗೆ ಅದು ಹದಿನೆಂಟನೆಯ ಶತಮಾನದ ಈ ಸೀಮೆಯ ಎಲೆಯೊಂದರ ನಕಾಶೆಯೂ ಹೌದು. ದಾಸರ ಬದುಕಿನ ಕತೆಯೂ ಊಟದ ಸುತ್ತಲೇ ತಿರುಗುತ್ತದೆ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಎಂದು ನೆಪ ಹೇಳಿದ ಪಂಡಿತನಿಗೆ ನಿಜವಾದ ಹೊಟ್ಟೆನೋವೇ ಅಂಟಿಕೊಂಡಿತು. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ ನಲವತ್ತು ವರ್ಷ ಕೊಟ್ಟು ಉಳಿಸಿದರು ಎಂಬುದು ಐತಿಹ್ಯ. ಮಾನ್ವಿಯ ನನ್ನ ಸಣ್ಣವ್ವ ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿ ನಗಿಸಿದಳು: "ನಿಮಗ ಆಯುಷ್ಯ ಕೊಡೋ ಗೋಪಾಲದಾಸರು ಯಾರೂ ಇಲ್ಲ ಭಾವ, ಬಾಯಿ ಕಟ್ರಿ."

ಬಾಯಿ ಕಟ್ಟುವುದು ಕಷ್ಟ. ಯಾಕೆಂದರೆ ಹಬ್ಬಕ್ಕೆ ಮಾತ್ರ ಇದ್ದದ್ದು ನಡುವೆ ಎಲ್ಲೋ ದಿನದ ತಿಂಡಿಯಾಗಿಬಿಟ್ಟಿದೆ. ಈ ತಿರುವು ನಾವು ಅಂದುಕೊಂಡಷ್ಟು ಹಳೆಯದಲ್ಲ.

ಮೊದಲು ಮಿರ್ಚಿಯನ್ನೇ ನೋಡಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ ಅವನ ಕಡೆ ಕ್ರಿಸ್ತೊವಾವೊ ದ ಫಿಗ್ಯುರೇಡೊ ಎಂಬ ಪೋರ್ಚುಗೀಸನ ಬಂದೂಕಿನವರಿದ್ದರು. ನೂನಿಜ್ ಅದನ್ನು ಬರೆದಿಟ್ಟಿದ್ದಾನೆ. ಅದೇ ಪೋರ್ಚುಗೀಸರ ಹಡಗುಗಳಲ್ಲಿ, ಅದೇ ಶತಮಾನದಲ್ಲಿ, ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿಯಿತು. ಕೋಟೆಯ ಬುಡಕ್ಕೆ ಬಂದೂಕು ಮೊದಲು ಬಂತೋ ಮೆಣಸಿನಕಾಯಿ ಮೊದಲು ಬಂತೋ ಎಂದು ಕೇಳಿದರೆ ನಾನು ಬಂದೂಕೇ ಎನ್ನುತ್ತೇನೆ. ಹೆಸರಿನಲ್ಲೇ ಅದರ ಹೊಸತನವಿದೆ. ನಮ್ಮವರಿಗೆ ಮೊದಲು ಗೊತ್ತಿದ್ದದ್ದು ಮೆಣಸು, ಎಂದರೆ ಕರಿಮೆಣಸು. ಹೊಸ ಖಾರ ಬಂದಾಗ ಅದನ್ನು ಮೆಣಸಿನಂಥ ಕಾಯಿ ಎಂದು ಕರೆದರು. ಸೋಮೇಶ್ವರನ ವಡೆಯಲ್ಲಿ ಇದ್ದ ಖಾರ ಬೇರೆ, ನಮ್ಮ ಮಿರ್ಚಿಯ ಖಾರ ಬೇರೆ.

ಆಮೇಲೆ ಎಣ್ಣೆ. 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ಮತ್ತು ಮದರಾಸು ಕಡೆಯ ಹಳಿ ಕೂಡಿದ್ದು ರಾಯಚೂರಿನಲ್ಲೇ. ಹತ್ತಿ, ಎಣ್ಣೆಕಾಳುಗಳಿಗೆ ದೂರದ ಮಾರುಕಟ್ಟೆ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದಲ್ಲಿ ಹಬ್ಬಿದ ಶೇಂಗಾ ಮುಂದೆ ಈ ಬಯಲಿನ ಬೆಳೆಯೂ ಆಯಿತು. 1937ರಲ್ಲಿ ಡಾಲ್ಡಾ ಬಂತು. ಸೋವಿಯತ್ ದೇಶದ ಸೂರ್ಯಕಾಂತಿ ತಳಿಗಳು 1969ರಲ್ಲಿ ಭಾರತಕ್ಕೆ ಬಂದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್-1 ಎಂಬ ಸಂಕರ ತಳಿಯನ್ನು ಬಿಡುಗಡೆ ಮಾಡಿದ ಮೇಲೆ ನಮ್ಮ ಎರೆಹೊಲಗಳು ಹಳದಿಯಾದವು. ಕುಸುಬೆ ಅಂಚಿಗೆ ಸರಿಯಿತು. ಆದರೆ ದಿನವೂ ಕರಿಯುವ ಚಟವನ್ನು ಗಟ್ಟಿಮಾಡಿದ್ದು, ನನ್ನ ಲೆಕ್ಕದಲ್ಲಿ, ಪಾಮೋಲಿನ್. ರೇಷನ್ ಅಂಗಡಿಯಲ್ಲಿ ಅದು ಮೊದಲೇ ಸಿಗುತ್ತಿತ್ತು. 1994ರಲ್ಲಿ ಸರ್ಕಾರಿ ಏಕಸ್ವಾಮ್ಯ ತೆಗೆದು ಖಾಸಗಿ ಆಮದಿಗೆ ದಾರಿ ಬಿಟ್ಟ ಮೇಲೆ ಎಣ್ಣೆ ಸಸ್ತಾ ಆಯಿತು. ಮಲೇಷ್ಯಾದ ತಾಳೆಯ ಎಣ್ಣೆಯಲ್ಲಿ ಪೋರ್ಚುಗೀಸರು ತಂದ ಕಾಯಿಯನ್ನು ಮುಳುಗಿಸಿ ಕರಿದದ್ದು ನಮ್ಮ 'ಸಾಂಪ್ರದಾಯಿಕ' ಬೆಳಗಿನ ತಿಂಡಿ. ಅದರ ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಅದು ಅನಾದಿಯದು ಎಂಬ ಮಾತಿಗೆ ಮಾತ್ರ ತಕರಾರಿದೆ. ಅಪ್ಪನ ಅಪ್ಪ ದಿನವೂ ಮಿರ್ಚಿ ತಿಂದವರಲ್ಲ. ಅವರು ತಿಂದದ್ದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

ಮಾರಾಟದವರು ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು ಎಷ್ಟರಮಟ್ಟಿಗೆ ಸರಿ ಎಂಬುದಕ್ಕೆ ದೇಶದಲ್ಲಿ ಒಂದು ಅಳತೆ ಬಂದದ್ದು 2018ರ ಜುಲೈಯಲ್ಲಿ. ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ಶೇಕಡಾ 25 ಮೀರಿದರೆ ಅದನ್ನು ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿತು. ಮನೆಯಲ್ಲಿ ಇದನ್ನು ಅಳೆಯುವ ಸಾಧನ ಯಾರ ಬಳಿ ಇದೆ? ದೀಪಾವಳಿಯ ಉಳಿದ ಎಣ್ಣೆ ಸ್ಟೀಲಿನ ಡಬ್ಬಿಯಲ್ಲಿ ಕೂತು ಸಂಕ್ರಾಂತಿಯವರೆಗೆ ಒಗ್ಗರಣೆಗೆ ಇಳಿಯುತ್ತಿರುತ್ತದೆ. ಡಾಕ್ಟರ ಮಾತಿಗಿಂತ ಈ ಡಬ್ಬಿಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು.

ಇಷ್ಟೆಲ್ಲ ಎಣ್ಣೆಯ ಮಾತಾಯಿತು. ಆದರೆ ಕಡಾಯಿಯ ಮುಂದೆ ನಿಂತವರ ಮಾತು ಬೇರೆಯೇ ಇದೆ. 1928ರ ಮೇ 23ರಂದು ರಾಯಚೂರಿನಲ್ಲಿ 45.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕರ್ನಾಟಕದ ಅತಿ ಹೆಚ್ಚಿನ ಉಷ್ಣಾಂಶವೆಂದು ಅದನ್ನು ಹೇಳುತ್ತಾರೆ. ಅಷ್ಟು ಬೇಡ, ನಲವತ್ತೆರಡು ಎಂದರೆ ನಮಗೆ ಸಾಮಾನ್ಯ ಬೇಸಿಗೆ. ಅಂಥ ಮಧ್ಯಾಹ್ನ 180 ಡಿಗ್ರಿಗೆ ಕಾಯ್ದ ಎಣ್ಣೆಯ ಮೇಲೆ ಬಗ್ಗಿ ನಿಲ್ಲುವುದು ಏನೆಂದು ತಿನ್ನುವವರು ಬರೆದಿಲ್ಲ. 'ಮಾನಸೋಲ್ಲಾಸ'ದಲ್ಲಿ ವಡೆಯ ವರ್ಣನೆ ಇದೆ, ಕರಿದವರ ಬೆವರಿನದಿಲ್ಲ.

ಈ ಬೆವರು ಮತ್ತು ಹೊಗೆಯ ಕಡೆ ನೋಡಿದ ಮೊದಲ ಪ್ರಯತ್ನಗಳಲ್ಲಿ ಒಂದು ಕರ್ನಾಟಕದ್ದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ, 1980ರ ದಶಕದಲ್ಲಿ ಹೊಗೆಕೊಳವೆ ಇರುವ ಮೂರು ಬಾಯಿಯ ಒಲೆಯೊಂದನ್ನು ಹಳ್ಳಿಗಳಿಗೆ ಕೊಟ್ಟಿತು. ಅಸ್ತ್ರ ಒಲೆ ಎಂದರೆ ಈಗಲೂ ಹಿರಿಯರಿಗೆ ನೆನಪಿದೆ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಅದೇ ದಶಕದಲ್ಲಿ ಶುರುವಾಗಿ 2002ರ ಹೊತ್ತಿಗೆ ನಿಂತಿತು. ಅದರ ಪಕ್ಕದಲ್ಲೇ ಸೀಮೆಎಣ್ಣೆಯ ಬತ್ತಿ ಸ್ಟವ್, ಪಂಪ್ ಸ್ಟವ್, ಆಮೇಲೆ ಸಿಲಿಂಡರು. ಅಡುಗೆ ಅನಿಲ ಮುಂಬಯಿಗೆ 1955ರಲ್ಲೇ ಬಂದಿತ್ತು, ಬಡವರ ಮನೆಗೆ ಉಜ್ವಲಾ ಯೋಜನೆ ಬಂದದ್ದು 2016ರಲ್ಲಿ. ದೇವದುರ್ಗದ ಹತ್ತಿರದ ಹಳ್ಳಿಗೆ ಕೊಟ್ಟ ನನ್ನ ಅಕ್ಕನ ಮನೆಯಲ್ಲಿ ಇವತ್ತಿಗೂ ಎರಡೂ ಇವೆ. ಚಹಾ, ಒಗ್ಗರಣೆ ಗ್ಯಾಸಿನ ಮೇಲೆ. ರೊಟ್ಟಿ, ನೀರು ಕಾಯಿಸುವುದು ಹತ್ತಿಕಟ್ಟಿಗೆ, ಕುಳ್ಳಿನ ಒಲೆಯ ಮೇಲೆ. ಸಿಲಿಂಡರ್ ಮುಗಿದರೆ ದುಡ್ಡು ಬೇಕು; ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆ ಹೊಲದಲ್ಲೇ ಇರುತ್ತದೆ. ಪಿಕ್ಲಿಹಾಳದ ಸಗಣಿ ಬೆಂಕಿ ಅಲ್ಲಿ ಇನ್ನೂ ಆರಿಲ್ಲ.

ಇನ್ನು ಯಂತ್ರ. ಗಾಳಿಯನ್ನು ಫ್ಯಾನಿನಿಂದ ತಿರುಗಿಸಿ ಬಿಸಿ ಮಾಡುವ ಒಲೆ ಯುದ್ಧಕಾಲದ್ದು. ಅಮೆರಿಕದ ವಿಲಿಯಂ ಮ್ಯಾಕ್ಸನ್ 1940ರ ದಶಕದ ನಡುವೆ, ವಿಮಾನದಲ್ಲಿ ಹೋಗುವವರಿಗೆ ಹೆಪ್ಪುಗಟ್ಟಿಸಿದ ಊಟವನ್ನು ಬಿಸಿ ಮಾಡಿಕೊಡಲು 'ಸುಂಟರಗಾಳಿ ಒಲೆ' ಎಂಬರ್ಥದ ಹೆಸರಿನ ಪೆಟ್ಟಿಗೆಯೊಂದನ್ನು ಮಾಡಿದ. ಈಗಿನ ಏರ್ ಫ್ರೈಯರ್ ನೆದರ್ಲೆಂಡ್ಸಿನ ಫ್ರೆಡ್ ವಾನ್ ಡೆರ್ ವೈ ಎಂಬ ಸಂಶೋಧಕನದು. ಎಣ್ಣೆಯಲ್ಲಿ ಮುಳುಗಿಸದೆ ಆಲೂಗಡ್ಡೆಯ ಫ್ರೈಸ್ ಗರಿಗರಿಯಾಗಿ ಬರಬೇಕು ಎಂಬುದು ಅವನ ಹಟ. ಫಿಲಿಪ್ಸ್ ಕಂಪನಿ ಅದನ್ನು 2010ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿತು. ಮೇಲೆ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ. ಇಷ್ಟೇ. ಬುಟ್ಟಿ ಚಿಕ್ಕದು, ಗಾಳಿ ಜೋರು. ಅದಕ್ಕೇ ದೊಡ್ಡ ಓವನ್ನಿಗಿಂತ ಬೇಗ ಕಾಯುತ್ತದೆ.

ಅದು ಆಲೂಗಡ್ಡೆಗಾಗಿ ಹುಟ್ಟಿದ ಯಂತ್ರ ಎಂಬುದನ್ನು ಮರೆಯಬಾರದು. ಪಶ್ಚಿಮದ ಮನೆಗಳಲ್ಲಿ ಅದರೊಳಗೆ ಬೀಳುವ ಫ್ರೋಜನ್ ಫ್ರೈಸನ್ನು ಕಾರ್ಖಾನೆಯಲ್ಲೇ ಒಮ್ಮೆ ಎಣ್ಣೆಯಲ್ಲಿ ಕರಿದಿರುತ್ತಾರೆ. ಅರ್ಧ ಕೆಲಸ ಆಗಿಯೇ ಬಂದಿರುತ್ತದೆ. ನಮ್ಮ ಮಿರ್ಚಿಯ ಹಾಗಲ್ಲ. ಕಡಲೆ ಹಿಟ್ಟಿನ ಹಸಿ ಹಿಟ್ಟು ಕಾದ ಎಣ್ಣೆಗೆ ಬಿದ್ದ ಕ್ಷಣ ಸುತ್ತಲಿಂದಲೂ ಬಿಸಿ ತಾಗಿ ಗಟ್ಟಿಯಾಗುತ್ತದೆ, ಒಳಗಿನ ನೀರು ಹಬೆಯಾಗಿ ಉಬ್ಬಿಸುತ್ತದೆ. ಗಾಳಿಗೆ ಎಣ್ಣೆಯಷ್ಟು ಬೇಗ ಬಿಸಿ ಮುಟ್ಟಿಸುವ ಶಕ್ತಿ ಇಲ್ಲ. ಹಿಟ್ಟು ಗಟ್ಟಿಯಾಗುವ ಮೊದಲೇ ಬುಟ್ಟಿಯ ತೂತಿನಲ್ಲಿ ಸೋರಿಹೋಗುತ್ತದೆ. ನಮ್ಮ ಓಣಿಯಲ್ಲೇ ಯಂತ್ರ ಇದ್ದ ಮನೆಯೊಂದರಲ್ಲಿ ಅವ್ವ ತಾನೇ ಹಿಟ್ಟು ಕಲಸಿ ಪರೀಕ್ಷೆ ಮಾಡಿದಳು. ತಳದಲ್ಲಿ ಹಾಳೆ ಹಾಸಿ, ಹಿಟ್ಟು ಗಟ್ಟಿ ಮಾಡಿ, ಎಣ್ಣೆ ಸವರಿ ಮತ್ತೊಮ್ಮೆ ಮಾಡಿದಳು. ಬಂದದ್ದು ಬಾಯಿಗೆ ಒಣಗಿದ ದಪ್ಪ ಧಿರಡೆಯಂತಿತ್ತು. "ಇದು ಮಿರ್ಚಿ ಅಲ್ಲವಾ, ಮಿರ್ಚಿ ಫೋಟೋ" ಎಂದಳು.

ಅದೇ ಬುಟ್ಟಿಯಲ್ಲಿ ಶೇಂಗಾ ಹಾಕಿದೆವು. 160 ಡಿಗ್ರಿ, ಹದಿನಾಲ್ಕು ನಿಮಿಷ, ನಡುವೆ ಒಮ್ಮೆ ಅಲ್ಲಾಡಿಸಿದ್ದು. ಒಂದೂ ಕಾಳು ಕರಕಾಗದೆ, ಸಿಪ್ಪೆ ಒರೆಸಿದರೆ ಬಿಡುವಂತೆ ಹುರಿದಿತ್ತು. ಬದನೆಕಾಯಿಗೆ ಬೆರಳಿನಿಂದ ಎಣ್ಣೆ ಹಚ್ಚಿ ಇಟ್ಟರೆ ಇಪ್ಪತ್ತು ನಿಮಿಷಕ್ಕೆ ಸುಟ್ಟು ಬಂತು. ಹೊಗೆಯ ವಾಸನೆ ಇಲ್ಲದ್ದು ಕೊರತೆಯೇ, ಆದರೆ ತಿರುಳು ಚೊಕ್ಕಟ. ಆಲೂಗಡ್ಡೆ, ಹಾಗಲಕಾಯಿ ಬಿಲ್ಲೆ, ಬೆಂಡೆಕಾಯಿ ಎಲ್ಲ ಸರಿ. ಮೀನು, ಕೋಳಿ ಇನ್ನೂ ಸರಿ ಎಂದು ಆ ಮನೆಯವರು ಹೇಳಿದರು. ಉದ್ದಿನ ಹಪ್ಪಳವನ್ನು ಫ್ಯಾನು ಹಾರಿಸಿಬಿಟ್ಟಿತು. ಮೇಲೊಂದು ಜಾಳಿಗೆ ಇಡಬೇಕು. ಜೋಳದ ರೊಟ್ಟಿಯ ಮಾತೇ ಬೇಡ.

ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಗಾಳಿಯಲ್ಲಿ ಕರಿಯಲು ಬರುವುದಿಲ್ಲ. ಹುರಿಯಲು, ಸುಡಲು ಬರುತ್ತದೆ. ಯಂತ್ರದ ಹೆಸರು ಕನ್ನಡದಲ್ಲಿ 'ಗಾಳಿ ಹುರಿಗ' ಎಂದಿದ್ದರೆ ಅರ್ಧ ಜನ ಬೇಸರಪಡುತ್ತಿರಲಿಲ್ಲ, ಅರ್ಧ ಜನ ಕೊಳ್ಳುತ್ತಲೂ ಇರಲಿಲ್ಲ. ಒಂದು ಎಚ್ಚರಿಕೆಯೂ ಸೇರಲಿ. ಪಿಷ್ಟದ ಪದಾರ್ಥ ಬಹಳ ಕಂದಾದಾಗ ಅಕ್ರಿಲಮೈಡ್ ಎಂಬ ವಸ್ತು ಹುಟ್ಟುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಎಣ್ಣೆ ಇಲ್ಲದ ಮಾತ್ರಕ್ಕೆ ಆಲೂಗಡ್ಡೆಯನ್ನು ಕರಕಲು ಮಾಡಿ ತಿನ್ನಬಹುದು ಎಂದಲ್ಲ.

ಆರಿಸುವಾಗ ಅಂಗಡಿಯವರು ಹೇಳದ, ಆದರೆ ನಮ್ಮ ಸೀಮೆಯವರು ಕೇಳಲೇಬೇಕಾದ ಮಾತು ಕರೆಂಟಿನದು. ಸಾಮಾನ್ಯ ಏರ್ ಫ್ರೈಯರ್ 1500 ವ್ಯಾಟಿನದು. 230 ವೋಲ್ಟಿಗೆ ಭಾಗಿಸಿದರೆ ಆರೂವರೆ ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ ಸಣ್ಣ 6 ಆಂಪಿಯರಿನ ಪ್ಲಗ್ಗಿಗೆ ಅದು ಮೀರಿದ ಭಾರ. ಗೀಸರಿಗೆ ಇರುವಂಥ 16 ಆಂಪಿಯರಿನ ಪವರ್ ಪ್ಲಗ್ ಅಡುಗೆಕಟ್ಟೆಯ ಬಳಿ ಇದೆಯೇ ಎಂದು ನೋಡಿಕೊಂಡೇ ಅಂಗಡಿಗೆ ಹೋಗಬೇಕು. ಹಳೆಯ ವೈರಿಂಗಿನ ಮನೆಗಳಲ್ಲಿ ಯಂತ್ರದ ಬೆಲೆಗೆ ಎಲೆಕ್ಟ್ರಿಷಿಯನ್ನನ ಕೂಲಿಯನ್ನೂ ಕೂಡಿಸಬೇಕು. ಇನ್ನೊಂದು, ವೋಲ್ಟೇಜು. ಅಕ್ಕನ ಊರಿನಲ್ಲಿ ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ಬಲ್ಬು ಕೆಂಪಾಗುತ್ತದೆ. ವೋಲ್ಟೇಜು 180ಕ್ಕೆ ಇಳಿದರೆ ಕಾಯುವ ಸುರುಳಿಯ ಶಕ್ತಿ ಅದೇ ಪ್ರಮಾಣದಲ್ಲಿ ಅಲ್ಲ, ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ: 1500 ವ್ಯಾಟಿನದು ಸುಮಾರು 920 ಆಗುತ್ತದೆ. ಆಗ ಒಳಗಿಟ್ಟದ್ದು ಗರಿಗರಿಯಾಗುವ ಬದಲು ನಿಧಾನವಾಗಿ ಒಣಗುತ್ತದೆ. ಅಕ್ಕ ತನಗೂ ಒಂದು ಬೇಕು ಎಂದಾಗ, ಬೇಡ ಎಂದು ನಾನು ಹೇಳಿದ್ದು ಇದಕ್ಕೇ.

ಬಿಲ್ಲಿನ ಲೆಕ್ಕ ಹೆದರುವಂಥದ್ದಲ್ಲ. ಇಪ್ಪತ್ತು ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಯೂನಿಟ್, ತಿಂಗಳೆಲ್ಲ ದಿನವೂ ಬಳಸಿದರೆ ಹದಿನೈದು. ಆದರೆ 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ, ಶುರುವಾದಾಗಿನ ನಿಯಮದಂತೆ, ಉಚಿತವೆಂದರೆ ಅದಕ್ಕೂ ಹಿಂದಿನ ವರ್ಷದ ಸರಾಸರಿ ಮತ್ತು ಅದರ ಮೇಲೆ ಶೇಕಡಾ 10 ಆಗಿತ್ತು. ಸರಾಸರಿ 90 ಯೂನಿಟ್ ಇದ್ದ ಮನೆಗೆ 99ರವರೆಗೆ ಉಚಿತ. ಹೊಸ ಯಂತ್ರದ 15 ಸೇರಿದರೆ 105, ಆರು ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ದೊಡ್ಡ ಮೊತ್ತವಲ್ಲ. ಒಟ್ಟು 200 ದಾಟುವ ಮನೆಗಳಿಗೆ ಮಾತ್ರ ಪೂರ್ತಿ ಬಿಲ್ಲು ಬೀಳುತ್ತದೆ, ಅವರು ಲೆಕ್ಕ ಹಾಕಲಿ.

ಆ ಕರೆಂಟಿನ ಬೇರು ನಮ್ಮ ಅಂಗಳದಲ್ಲೇ ಇದೆ. ಕೃಷ್ಣೆಯ ದಡದ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಎಂಟೂ ಪೂರ್ತಿ ಓಡಿದರೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಏರ್ ಫ್ರೈಯರುಗಳು ಒಮ್ಮೆಗೇ ಕಾಯಬಹುದು. ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕರೆಂಟಾಗುತ್ತದೆ, ಅದು ತಂತಿಯ ಮೇಲೆ ನಡೆದು ಬಂದು ನಮ್ಮ ಬುಟ್ಟಿಯಲ್ಲಿ ಮತ್ತೆ ಶಾಖವಾಗುತ್ತದೆ. ಅವ್ವನ ಅಡುಗೆಮನೆ ತಣ್ಣಗಾದಷ್ಟೂ ಬೂದಿ ಶಕ್ತಿನಗರದ ಹೊಂಡದಲ್ಲಿ ಏರುತ್ತದೆ. ಅಲ್ಲಿನ ಊರುಗಳ ಮನೆಗಳ ಮೇಲೆ ಕೂರುವ ಹಾರುಬೂದಿಯನ್ನು ಕಂಡವರಿಗೆ, 'ಹೊಗೆಯಿಲ್ಲದ ಅಡುಗೆ' ಎಂಬ ಜಾಹೀರಾತು ಅರ್ಧ ನಿಜ ಎನ್ನಿಸುತ್ತದೆ. ಹಾಗೆಂದು ಅವ್ವನನ್ನು ಮತ್ತೆ ಕಡಾಯಿಯ ಮುಂದೆ ನಿಲ್ಲಿಸುವಷ್ಟು ದೊಡ್ಡ ಪರಿಸರವಾದಿ ನಾನಲ್ಲ.

ಕೊನೆಗೆ ತಂದದ್ದು ನಾಲ್ಕು ಲೀಟರಿನದು, ನಾಲ್ಕು ಜನರ ಮನೆಗೆ ಸಾಕು. ತಿರುಗಿಸುವ ಗುಂಡಿಯದು, ಮುಟ್ಟಿದರೆ ಬೆಳಗುವ ಗಾಜಿನ ಪಟ್ಟಿ ಅವ್ವನ ಹಿಟ್ಟುಗೈಗೆ ಒಗ್ಗುವುದಿಲ್ಲ. ಬುಟ್ಟಿಯ ಒಳಗಿನ ಲೇಪ ಕೆರೆಯದಂತೆ ಕಟ್ಟಿಗೆಯ ಸೌಟು ಇಟ್ಟೆವು. ಅಪ್ಪನಿಗೆ ಈಗ ಬೆಳಿಗ್ಗೆ ಒಗ್ಗರಣಿ ಜೊತೆ ಮಿರ್ಚಿಯ ಬದಲು, ಸೀಳಿ ಉಪ್ಪು ಓಮಕಾಳು ತುಂಬಿ ಗಾಳಿಯಲ್ಲಿ ಸುಟ್ಟ ಉದ್ದನೆಯ ಮೆಣಸಿನಕಾಯಿ, ಹಿಟ್ಟಿಲ್ಲದ್ದು. ಮೊದಲ ವಾರ ಅವರು ಮಾತಾಡಲಿಲ್ಲ. ಎರಡನೆಯ ವಾರ ಇನ್ನೊಂದು ಕೇಳಿದರು. ನಿಜವಾದ ಮಿರ್ಚಿ ಯುಗಾದಿಗೆ, ದಸರೆಗೆ, ದೀಪಾವಳಿಗೆ. ಹೊಸ ಎಣ್ಣೆಯಲ್ಲಿ, ತಲೆಗೆ ಎರಡು. ಉಳಿದ ಎಣ್ಣೆಯ ಡಬ್ಬಿಯನ್ನು ಅವ್ವ ತಾನಾಗಿಯೇ ಕಪಾಟಿನಿಂದ ತೆಗೆದಳು.

ಸುದ್ದಿ ಮಾನ್ವಿಗೆ ಹೋಗಿದೆ. ನಾಗಪಂಚಮಿಗೆ ಯಂತ್ರವನ್ನೂ ಕಟ್ಟಿಕೊಂಡು ಬರಬೇಕೆಂದು ಸಣ್ಣವ್ವನ ಅಪ್ಪಣೆ, ಉಂಡಿಗೆ ಐದು ಕಿಲೋ ಶೇಂಗಾ ಹುರಿಯಬೇಕಂತೆ. ಬುಟ್ಟಿಗೆ ಒಂದು ಸಲಕ್ಕೆ ಹಿಡಿಯುವುದು ಅರ್ಧ ಕಿಲೋ. ಹತ್ತು ಸಲ, ಸಲಕ್ಕೆ ಹದಿನಾಲ್ಕು ನಿಮಿಷ ಎಂದು ಲೆಕ್ಕ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರ ನೀ ಯಂತ್ರ ತರಬ್ಯಾಡ, ನೀನ ಬಾ, ನನ್ನ ಕಡಾಯಿ ಅದ" ಎಂದಳು.